ಜೀವಕೋಶದ ಸಾವು, ಹಿಂಸೆಯ ಅಳತೆ

ಜೀವಕೋಶವೊಂದು ಬದುಕಿದೆಯೇ ಇಲ್ಲವೇ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಒಂದೇ ಉತ್ತರವಿಲ್ಲ. ಟ್ರೈಪಾನ್ ಬ್ಲೂ ಎಂಬ ಬಣ್ಣ ಬೆರೆಸಿದಾಗ ಪೊರೆ ಗಟ್ಟಿಯಾಗಿರುವ ಕೋಶ ಅದನ್ನು ಒಳಗೆ ಬಿಡುವುದಿಲ್ಲ. ಪೊರೆ ಹರಿದದ್ದು ನೀಲಿಯಾಗುತ್ತದೆ. 1983ರಲ್ಲಿ ಟಿಮ್ ಮಾಸ್ಮನ್ ಪ್ರಕಟಿಸಿದ ಎಂಟಿಟಿ ಪರೀಕ್ಷೆ ನೋಡುವುದು ಚಯಾಪಚಯವನ್ನು: ಕೋಶದ ಕಿಣ್ವಗಳು ಹಳದಿ ಲವಣವೊಂದನ್ನು ನೇರಳೆಗೆ ತಿರುಗಿಸುತ್ತವೆ. ಥಿಯೋಡೋರ್ ಪಕ್ ಮತ್ತು ಫಿಲಿಪ್ ಮಾರ್ಕಸ್ 1950ರ ದಶಕದಲ್ಲಿ ರೂಪಿಸಿದ ವಿಧಾನದ ಪ್ರಶ್ನೆ ಇನ್ನೂ ಕಠಿಣ. ಒಂಟಿ ಕೋಶ ವಿಭಜನೆಗೊಳ್ಳುತ್ತ ಹೋಗಿ, ಸಾಮಾನ್ಯವಾಗಿ 50ಕ್ಕೆ ಕಡಿಮೆಯಿಲ್ಲದ ಕೋಶಗಳ ಗುಂಪನ್ನು ಕಟ್ಟಬಲ್ಲುದೇ? ವಿಕಿರಣ ತಾಗಿದ ಕೋಶ ಮೊದಲೆರಡು ಪರೀಕ್ಷೆಗಳಲ್ಲಿ ಬದುಕಿದ್ದಂತೆ ಕಂಡು ಮೂರನೆಯದರಲ್ಲಿ ಸತ್ತ ಲೆಕ್ಕಕ್ಕೆ ಸೇರುವುದುಂಟು.

ಹೀಗೆ ಪ್ರತಿ ಪರೀಕ್ಷೆಯ ಒಳಗೂ ಬದುಕೆಂದರೇನು ಎಂಬುದರ ಒಂದು ವ್ಯಾಖ್ಯೆ ಅಡಗಿದೆ. ಜೈನ ತತ್ತ್ವಶಾಸ್ತ್ರ ಈ ಪ್ರಶ್ನೆಯನ್ನು ಬಹು ಹಿಂದೆಯೇ ಬಿಡಿಸಿ ನೋಡಿದೆ. ಅದರ ಪ್ರಕಾರ ಒಂದೇ ಇಂದ್ರಿಯವುಳ್ಳ ಜೀವಿಗೂ ನಾಲ್ಕು ಪ್ರಾಣಗಳಿವೆ: ಸ್ಪರ್ಶ, ಕಾಯಬಲ, ಉಸಿರು, ಆಯುಸ್ಸು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ, ಅಂದರೆ ಎಚ್ಚರಗೇಡಿತನವನ್ನೂ, ಸೇರಿಸುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ನೆನೆಯುವ ಸಲ್ಲೇಖನವನ್ನು, ಅಂದರೆ ಉಪವಾಸದಿಂದ ದೇಹ ಬಿಡುವ ವ್ರತವನ್ನು, ಆ ಪರಂಪರೆ ಹಿಂಸೆಯೆಂದು ಎಣಿಸದಿರುವುದು ಇದೇ ಕಾರಣಕ್ಕೆ. ಅಲ್ಲಿ ಸಾವಿದೆ, ಪ್ರಮಾದವಿಲ್ಲ. ಅಹಿಂಸಾವ್ರತದ ಐದು ಅತಿಚಾರಗಳು, ಅಂದರೆ ವ್ರತಕ್ಕೆ ತಟ್ಟುವ ದೋಷಗಳು, ಇನ್ನೂ ಗಮನಾರ್ಹ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಕೊಲ್ಲುವುದು ಈ ಪಟ್ಟಿಯಲ್ಲಿಲ್ಲ. ಐದೂ ಬದುಕಿರುವ ಜೀವಕ್ಕೆ ಮಾಡುವ ಹಾನಿಗಳೇ.

ಬೆಂಗಳೂರಿನ ಪಶ್ಚಿಮದ ಹೆಗ್ಗನಹಳ್ಳಿಯಲ್ಲಿ ಈ ಮಾತಿಗೆ ತೀರ ಹತ್ತಿರದ ಅರ್ಥವಿದೆ. ಕಾರ್ಮಿಕ ಕುಟುಂಬಗಳು ಒತ್ತೊತ್ತಾಗಿ ನೆಲೆಸಿರುವ ಈ ಬಡಾವಣೆ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಇದೆ. ಲೋಹದ ಬಿಡಿಭಾಗಗಳಿಗೆ ಕ್ರೋಮ್ ಲೇಪಿಸುವ ಘಟಕಗಳಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂನ ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

ಈ ವಿಷ ಕೋಶವನ್ನು ಹೊಗುವ ಬಗೆಯೇ ಬೇರೆ. ಅದರ ಕ್ರೋಮೇಟ್ ಅಯಾನಿನ ಆಕಾರ ಸಲ್ಫೇಟನ್ನು ಹೋಲುವುದರಿಂದ ಪೊರೆಯಲ್ಲಿರುವ ಸಲ್ಫೇಟಿನ ದಾರಿ ಅದಕ್ಕೂ ತೆರೆದುಕೊಳ್ಳುತ್ತದೆ. ಒಳಗೆ ಅದು ಟ್ರೈವೇಲೆಂಟ್ ರೂಪಕ್ಕೆ ಇಳಿಯುತ್ತ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಪ್ರಮಾಣ ಹೆಚ್ಚಿದ್ದರೆ ಕೋಶ ಸಾಯುತ್ತದೆ, ಪರೀಕ್ಷೆಗೂ ಸಿಗುತ್ತದೆ. ಪ್ರಮಾಣ ಕಡಿಮೆಯಿದ್ದಾಗ ಪೊರೆ ಗಟ್ಟಿಯಾಗಿರಬಹುದು, ಎಂಟಿಟಿಯ ನೇರಳೆಯೂ ಮಾಸದಿರಬಹುದು. ಆದರೂ ಕೆಟ್ಟ ಡಿಎನ್‌ಎ ಹೊತ್ತ ಕೋಶ ಉಳಿದು ಮರಿಕೋಶಗಳಿಗೆ ಅದನ್ನು ದಾಟಿಸಬಹುದು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಒಂದು. ಇಂಥ ಕಡೆ ಭಯಪಡಬೇಕಾದದ್ದು ಸತ್ತ ಕೋಶಕ್ಕಲ್ಲ, ಗಾಯಗೊಂಡೂ ಬದುಕಿ ಬೆಳೆಯುವ ಕೋಶಕ್ಕೆ. ದೇಹ ತಾನಾಗಿಯೇ ಕೆಟ್ಟ ಕೋಶವನ್ನು ಸಾಯಿಸುವ ಅಪೊಪ್ಟೋಸಿಸ್ ಎಂಬ ವ್ಯವಸ್ಥೆ ಇರುವುದೂ ಅದಕ್ಕೇ.

ಗಾಜಿನ ತಟ್ಟೆಯ ಕೋಶವನ್ನು ಜೀವವೆಂದು ಎಣಿಸಬೇಕೇ ಎಂಬುದನ್ನು ಪ್ರಾಚೀನ ಜೈನ ಗ್ರಂಥಗಳು ಚರ್ಚಿಸಿಲ್ಲ. ಅಂಥ ಕೋಶ ಆಗ ಇರಲಿಲ್ಲ. ಆದರೆ ಹಾನಿಯನ್ನು ಸಾವಿನಿಂದಷ್ಟೇ ಅಳೆಯಬಾರದೆಂಬ ಅವುಗಳ ನಿಲುವು ವಿಷಶಾಸ್ತ್ರಕ್ಕೂ ಸಲ್ಲುತ್ತದೆ. ಡಿಎನ್‌ಎ ತುಂಡಾಗಿರುವುದನ್ನು ಒಂದೊಂದೇ ಕೋಶದಲ್ಲಿ ತೋರಿಸುವ ಕಾಮೆಟ್ ಪರೀಕ್ಷೆಯನ್ನೂ, ಒಡೆದ ವರ್ಣತಂತುಗಳ ಚೂರುಗಳನ್ನು ಹುಡುಕುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಯನ್ನೂ ಬದುಕು-ಸಾವಿನ ಎಣಿಕೆಯ ಜೊತೆಗೇ ನಡೆಸಬೇಕಾಗುವುದು ಇದರಿಂದಲೇ. ಕಾಲದ ಅಂತರವಂತೂ ಉಳಿದೇ ಇರುತ್ತದೆ: ಎಂಟಿಟಿಯಂಥ ಪರೀಕ್ಷೆ ಸಾಮಾನ್ಯವಾಗಿ 24ರಿಂದ 72 ಗಂಟೆಗಳಲ್ಲಿ ಮುಗಿಯುತ್ತದೆ, ಬೋರ್‌ವೆಲ್ ನೀರನ್ನು ಜನ ವರ್ಷಗಟ್ಟಲೆ ಬಳಸುತ್ತಾರೆ.