ಹರಿದುಹಾಕದ ಕಾಗದ

ಹಾಸನದ ನಮ್ಮ ಮನೆಯ ಅಟ್ಟದಲ್ಲಿ ಒಂದು ಟ್ರಂಕಿದೆ. ಅರಕಲಗೂಡಿನಿಂದ ಅಮ್ಮ ನನಗೆ ಬರೆದ ಇನ್‌ಲ್ಯಾಂಡ್ ಕಾಗದಗಳೆಲ್ಲ ಅದರಲ್ಲಿವೆ. ಹೋದ ಬೇಸಿಗೆಯಲ್ಲಿ ಗೆದ್ದಲು ಕಂಡಿತು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮನೆಯಲ್ಲೇ ಒಂದು ಸರ್ವರ್ ಇಡೋಣವೆಂದ ಮಗ.

ಹೊಸ ಯಂತ್ರ ಬೇಡವಂತೆ, ಹಳೆಯ ಕಂಪ್ಯೂಟರೇ ಸಾಕು. ದುಡ್ಡು ಹಾಕಬೇಕಾದ್ದು ಡಿಸ್ಕಿಗೆ. ಹಗಲಿರುಳು ಓಡಲೆಂದೇ ಮಾಡಿದ 4 ಟಿಬಿಯ ಎರಡು ಡಿಸ್ಕು, ಕರೆಂಟು ಹೋದಾಗ ಕೈಕೊಡದಿರಲು ಒಂದು ಯುಪಿಎಸ್ಸು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುತ್ತದೆ. ಒಂದು ಕೆಟ್ಟರೆ ಇನ್ನೊಂದಿದೆ.

"ಒಂದರಲ್ಲಿ ಅಳಿಸಿಬಿಟ್ಟರೆ?" ಎಂದೆ. ಮೇಷ್ಟ್ರ ಕೆಲಸದವಳ ಚಾಳಿ.

"ಎರಡರಲ್ಲೂ ಹೋಗುತ್ತಮ್ಮ. ಅದಕ್ಕೇ ಮೂರನೆಯ ಪ್ರತಿ ಹೊಳೆನರಸೀಪುರದ ಚಿಕ್ಕಮ್ಮನ ಮನೆಯಲ್ಲಿರಲಿ."

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಬಂಡೆಗೂ ಒಂದು ಪ್ರತಿ ಬೇಕಾಯಿತು ನೋಡಿ! ಆದರೆ ಬಂಡೆಯ ಮೇಲೆ ಕೆತ್ತಿಸಿದ್ದು ನಾಲ್ಕು ಜನ ಓದಲಿ ಎಂದೇ. ಅಮ್ಮನದು ಹಾಗಲ್ಲ. ಒಂದು ಕಾಗದದ ಕೊನೆಗೆ "ಓದಿ ಹರಿದುಹಾಕು" ಎಂದು ಬರೆದಿದ್ದಾಳೆ. ಅಪ್ಪನ ವಿಷಯದಲ್ಲಿ ಅವಳು ಎಂದೂ ಬಾಯಿಬಿಟ್ಟು ಆಡದಿದ್ದ ಮಾತು ಅದರಲ್ಲಿದೆ. ಹರಿಯಲು ನನಗೆ ಕೈ ಬರಲಿಲ್ಲ. ಟ್ರಂಕಿನಲ್ಲಿದ್ದಷ್ಟು ದಿನ ಅದು ನನ್ನೊಬ್ಬಳ ತಪ್ಪು. ಮೂರು ಡಿಸ್ಕಿಗೆ ಏರಿಸಿದರೆ? ನಾಳೆ ಮಕ್ಕಳು ಓದುತ್ತಾರೆ, ತಾತನನ್ನು ಆ ಒಂದು ಸಂಜೆಯಿಂದಲೇ ಅಳೆಯುತ್ತಾರೆ. ಸುಟ್ಟರೆ, ಅಮ್ಮನೂ ಒಮ್ಮೆ ಸಿಡಿದೆದ್ದಿದ್ದಳು ಎಂಬುದಕ್ಕೆ ಸಾಕ್ಷಿಯೇ ಉಳಿಯದು. ನೀವಾದರೆ ಏನು ಮಾಡುತ್ತಿದ್ದಿರಿ?

ಅದೊಂದನ್ನು ತೆಗೆದಿಟ್ಟು ಮಿಕ್ಕದ್ದನ್ನೆಲ್ಲ ಮಗನ ಕೈಗೆ ಕೊಟ್ಟೆ.

"ಇಷ್ಟೇನಾ?" ಎಂದ.

"ಇಷ್ಟೇ" ಎಂದೆ.

ಅದೀಗ ನನ್ನ ಬೀರುವಿನಲ್ಲಿ, ಅಮ್ಮನ ಸೀರೆಯ ಮಡಿಕೆಯೊಳಗೆ ನುಸಿಗುಳಿಗೆಯ ಜೊತೆಗಿದೆ.