ಕಳಶದ ನೋವು

ಶರಣರು ದೇಹವನ್ನು ದೇಗುಲವೆಂದು ಕಂಡರು; ಶಿರಸ್ಸನ್ನು ಅದರ ಕಳಶವೆಂದು ಬಗೆದರು. ಕಳಶವೇ ನೊಂದಾಗ ದೇಗುಲದ ಪೂಜೆ ನಡೆಯುವ ಬಗೆ ಹೇಗೆ? ಮಿದುಳಿನ ಗಂಟನ್ನು ಶಸ್ತ್ರದಿಂದ ತೆಗೆಸಿಕೊಂಡು ಮನೆಗೆ ಮರಳಿದ ಭಕ್ತನಿಗೂ ಅವನ ಮನೆಯವರಿಗೂ ಈ ಪ್ರಶ್ನೆ ಹಗಲಿರುಳೂ ಎದುರಾಗುತ್ತದೆ.

1949ರಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಅಂದು ಮೈಸೂರಿನ ರೋಗಿಗೆ ಪರಸ್ಥಳವೇ ಗತಿಯಾಗಿತ್ತು. ಇಂದು ಸುತ್ತೂರು ಮಠದ ಆಶ್ರಯದ ಜೆ.ಎಸ್.ಎಸ್. ಆಸ್ಪತ್ರೆಯೂ ಸೇರಿ ಈ ನಗರದಲ್ಲಿಯೇ ಆ ಚಿಕಿತ್ಸೆ ದೊರೆಯುತ್ತದೆ. ಆದರೆ ಆಸ್ಪತ್ರೆಯ ದಿನಗಳು ಕೆಲವು, ಮನೆಯ ದಿನಗಳು ಹಲವು.

ಮಿದುಳಿಗೆ ತಾನಾಗಿ ನೋವಿನ ಅರಿವಿಲ್ಲವೆಂಬುದು ವಿಚಿತ್ರವಾದರೂ ಸತ್ಯ. ನೋಯುವುದು ಅದರ ಹೊದಿಕೆ, ನೆತ್ತಿಯ ಚರ್ಮ, ಕೊಯ್ದು ಹೊಲಿದ ಸ್ನಾಯು. ಕಣತಲೆಯ ಸ್ನಾಯುವನ್ನು ಬಿಡಿಸಿದ್ದರೆ ಅಗಿಯುವಾಗ ದವಡೆಯೂ ನೋಯುವುದು. (ನುಂಗಲು ತೊಡಕಿಲ್ಲದವನಿಗೆ ಅಗಿಯದೆ ನುಂಗುವ ಮುದ್ದೆ ಈ ಸೀಮೆಯ ಪುಣ್ಯವೇ ಸರಿ.) ಗಾಯದ ಸುತ್ತ ಜೋಮು, ಬುರುಡೆಯಲ್ಲಿ ಟಿಕ್ಕೆಂಬ ಸದ್ದು, ಸ್ವಲ್ಪ ಮಾತಿಗೇ ಆಯಾಸ, ಇವೆಲ್ಲ ಮಾಯುವ ಕಾಲದಲ್ಲಿ ಬರತಕ್ಕವು. ಒಳಗಿನ ಬಾವು ಇಳಿಯುವವರೆಗೆ ತಲೆದಿಂಬನ್ನು ಎತ್ತರಿಸಿ ಮಲಗುವುದು ಹಿತ.

ನೋವು ಪೂರ್ವಕರ್ಮದ ದಂಡನೆ, ಅದನ್ನು ಔಷಧವಿಲ್ಲದೆ ಸಹಿಸುವುದೇ ತಪಸ್ಸು ಎಂದು ನೆರೆಯವರು ಉಪದೇಶಿಸುವುದುಂಟು. ಇದು ಶರಣಮಾರ್ಗವಲ್ಲ. ಶರಣರಲ್ಲಿ ವೈದ್ಯ ಸಂಗಣ್ಣನೆಂಬುವನಿದ್ದನು. ಅವನ ಕಾಯಕವೇ ವೈದ್ಯವಾಗಿತ್ತು. ಔಷಧ ಸೇವನೆಯು ಭಕ್ತಿಗೆ ಕುಂದಾಗಿದ್ದರೆ ಶರಣಗಣದಲ್ಲಿ ಅವನಿಗೆ ಸ್ಥಾನವೆಲ್ಲಿಯದು? ಬಾವಿಳಿಸುವ ಸ್ಟೆರಾಯ್ಡ್ ಗುಳಿಗೆಯನ್ನು ಮನಬಂದಂತೆ ಒಮ್ಮೆಲೆ ನಿಲ್ಲಿಸುವುದು ಅಪಾಯಕರ. ಅದನ್ನು ವೈದ್ಯನೇ ಹಂತಹಂತವಾಗಿ ಇಳಿಸಬೇಕು. ಸೆಳವಿನ ಗುಳಿಗೆಯೂ ಹಾಗೆಯೇ. ಬೇರೆ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಾನೇ ತಂದು ನುಂಗುವುದು ಸಲ್ಲದು, ಕೆಲವು ರಕ್ತಸ್ರಾವಕ್ಕೆ ಎಡೆಗೊಡುತ್ತವೆ.

ಲಿಂಗಪೂಜೆಯ ಮಾತು ಬಂದರೆ ಭಕ್ತನ ಮನಸ್ಸು ಹೆಚ್ಚು ಕಳವಳಗೊಳ್ಳುತ್ತದೆ. ಬಗ್ಗಿ ನಮಸ್ಕರಿಸಿದರೆ ತಲೆ ಸಿಡಿಯುತ್ತದೆ. ದೃಷ್ಟಿಯನ್ನು ಕರಸ್ಥಲದಲ್ಲಿ ನಿಲ್ಲಿಸಿದರೆ ಕಣ್ಣು ಸೋಲುತ್ತದೆ. ಆಗ ದಿಂಬಿಗೊರಗಿ, ಕಣ್ಮುಚ್ಚಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು ಕ್ಷಣಹೊತ್ತು ಕುಳಿತರೂ ಪೂಜೆಯೇ. ವಿಭೂತಿಯನ್ನು ಗಾಯ ಮಾಗುವವರೆಗೆ ಹೊಲಿಗೆಯ ಮೇಲೆ ಬಿಡದೆ ಬೇರೆಡೆ ಧರಿಸಲಿ. ಶಿವರಾತ್ರಿಯ ಉಪವಾಸ, ಜಾಗರಣೆ ಆ ವರ್ಷ ಬೇಡ. ಹಸಿದ ಹೊಟ್ಟೆಗೆ ಆ ಗುಳಿಗೆಗಳು ಒಗ್ಗವು, ನಿದ್ರೆಗೆಟ್ಟರೆ ಸೆಳವಿಗೆ ಆಸ್ಪದ. ಕಾಂತಶಕ್ತಿಯ ಯಂತ್ರದಿಂದ ತಲೆಯ ಚಿತ್ರ ತೆಗೆಯುವ ಕೋಣೆಗೆ ಲೋಹದ ಕರಡಿಗೆಯನ್ನು ಒಯ್ಯುವಂತಿಲ್ಲ. ಈ ವಿಷಯವನ್ನು ಅಲ್ಲಿಯವರೊಡನೆ ಮುಂಚಿತವಾಗಿಯೇ ಮಾತನಾಡಿಕೊಂಡರೆ ಬಾಗಿಲಲ್ಲಿ ದುಃಖಪಡಬೇಕಾಗದು.

ತಲೆನೋವಿಗೆ ಬುರುಡೆ ತೆರೆದ ಕಥೆಯೊಂದು ಬೌದ್ಧರ ವಿನಯಪಿಟಕದಲ್ಲಿದೆ. ವೈದ್ಯ ಜೀವಕನು ರಾಜಗೃಹದ ಶ್ರೇಷ್ಠಿಯೊಬ್ಬನ ನೆತ್ತಿಯನ್ನು ಕೊಯ್ದು ಎರಡು ಕ್ರಿಮಿಗಳನ್ನು ತೆಗೆದನಂತೆ. ಅದಕ್ಕೆ ಮುನ್ನ, ಎರಡು ಮಗ್ಗುಲಿಗೂ ಬೆನ್ನಿನ ಮೇಲೂ ಏಳೇಳು ತಿಂಗಳು ಮಲಗುವೆನೆಂದು ಮಾತು ಪಡೆದಿದ್ದನು. ಶ್ರೇಷ್ಠಿಯು ಪ್ರತಿಯೊಂದನ್ನೂ ಏಳೇ ದಿನ ತಾಳಿದನು. ಜೀವಕನಾದರೋ ಕೋಪಗೊಳ್ಳಲಿಲ್ಲ, ಇಪ್ಪತ್ತೊಂದು ದಿನಗಳೇ ಸಾಕೆಂದು ಅವನಿಗೆ ಮೊದಲೇ ತಿಳಿದಿತ್ತು, ತಿಂಗಳುಗಳ ಮಾತು ಆಡದಿದ್ದರೆ ಶ್ರೇಷ್ಠಿ ಅಷ್ಟೂ ಮಲಗುತ್ತಿರಲಿಲ್ಲ. ಕಥೆಯ ಕ್ರಿಮಿಗಳು ಹೇಗಾದರೂ ಇರಲಿ, ರೋಗಿಯ ಅಸಹನೆಯನ್ನು ಅರಿತು ಕ್ಷಮಿಸಿದ ವೈದ್ಯನ ಆ ಗುಣವು ಮನೆಯವರಿಗೂ ಬೇಕು. ನಿನ್ನೆ ನಗುತ್ತಿದ್ದವನು ಇಂದು ತಟ್ಟೆಯ ಸದ್ದಿಗೇ ಸಿಡುಕಿದರೆ ಅದು ಅವನ ಗುಣವಲ್ಲ, ಹಲವು ವೇಳೆ ಔಷಧದ ಹಾಗೂ ಗಾಯದ ಗುಣ. ದಸರೆಯ ದಿನಗಳಲ್ಲಿ ಕುಶಾಲತೋಪು, ತಮಟೆ, ದೀಪಗಳ ಝಗಝಗೆ ಊರಿಗೆ ಸಂಭ್ರಮ, ಅವನಿಗೆ ಚಿತ್ರಹಿಂಸೆ. ಕಿಟಕಿಗೆ ದಪ್ಪ ಪರದೆ ಕಟ್ಟಿ, ನೋಡಲು ಬಂದ ನೆಂಟರನ್ನು ಪಡಸಾಲೆಯಲ್ಲಿಯೇ ಸತ್ಕರಿಸಿ ಕಳುಹಿಸುವ ಗೃಹಿಣಿಯು ಮಾಡುವುದು ದಾಸೋಹವೇ.

ತಾಳ್ಮೆಗೂ ಮೇರೆಯುಂಟು. ದಿನದಿನಕ್ಕೆ ಇಳಿಯಬೇಕಾದ ನೋವು ಏರತೊಡಗಿದರೆ, ವಾಂತಿ, ಜ್ವರ, ಕತ್ತಿನ ಬಿಗಿತ, ಮಂಪರು, ಸೆಳವು, ಮಾತಿನ ತೊದಲು, ಕೈಕಾಲಿನ ಬಲಹೀನತೆ ತೋರಿದರೆ, ಗಾಯದಿಂದಾಗಲಿ ಮೂಗಿನಿಂದಾಗಲಿ ನೀರು ಒಸರಿದರೆ, ಪೂಜೆ ಮುಗಿಯಲೆಂದು ಕಾಯಬಾರದು, ಬೆಳಗಾಗಲೆಂದೂ ಕಾಯಬಾರದು. ಲಿಂಗವನ್ನು ಕೊರಳಲ್ಲಿ ಧರಿಸಿಯೇ ಆಸ್ಪತ್ರೆಯ ಹಾದಿ ಹಿಡಿಯಬೇಕು.