ವಾದ್ಯಕ್ಕೆ ಮೈಲಿಗೆ ಉಂಟೇ?

ಹಬ್ಬದ ಮೆರವಣಿಗೆಯಲ್ಲಿ ಡೋಲು ಬಾರಿಸಬಹುದೇ? ಬಲಿಪೂಜೆಯ ಕಾಣಿಕೆ ಮೆರವಣಿಗೆಗೆ ತಮಟೆ ಇರಬಹುದೇ? ಮದುವೆಯ ರೋಸಿನ ದಿನ ಗುಮಟೆ ಬೇಕೇ, ಬೇಡವೇ? ನಮ್ಮ ಧರ್ಮಕೇಂದ್ರಗಳಲ್ಲಿ ಇಂತಹ ಪ್ರಶ್ನೆ ಎದ್ದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. "ಅದು ನಮ್ಮ ಮಣ್ಣಿನ ಸಂಸ್ಕೃತಿ, ಇರಲಿ" ಎನ್ನುವವರು ಒಂದು ಕಡೆ. "ಅದು ಅನ್ಯ ಆಚರಣೆಯ ವಾದ್ಯ, ದೇವಾಲಯದೊಳಗೆ ಬೇಡ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಭಕ್ತಿಯಿಂದಲೇ ಮಾತನಾಡುತ್ತಾರೆ. ಆದುದರಿಂದ ವಾಗ್ವಾದವನ್ನು ಬದಿಗಿಟ್ಟು ಪ್ರಶ್ನೆಯ ಬುಡಕ್ಕೇ ಹೋಗಿ ನೋಡುವುದು ಒಳ್ಳೆಯದು. ಮರ, ಮಣ್ಣು, ಚರ್ಮ, ತಂತಿಗಳಿಂದಾದ ಒಂದು ವಸ್ತು ತನ್ನೊಳಗೆ ಪಾಪವನ್ನು ಇಟ್ಟುಕೊಳ್ಳಬಲ್ಲುದೇ? ವಾದ್ಯಕ್ಕೆ ಮೈಲಿಗೆ ಎಂಬುದು ಉಂಟೇ? ಉಂಟಾದರೆ ಅದು ಎಲ್ಲಿಂದ ಬರುತ್ತದೆ?

ಆರ್ಗನ್ನಿನ ಪೂರ್ವಾಶ್ರಮ

ದೇವಾಲಯದ ವಾದ್ಯ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಆರ್ಗನ್ ಎಂದೇ ಹೇಳುತ್ತಾರೆ. ಆದರೆ ಆರ್ಗನ್ ಹುಟ್ಟಿದ್ದು ದೇವಾಲಯದಲ್ಲಿ ಅಲ್ಲ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಕ್ಟೆಸಿಬಿಯಸ್ ಎಂಬ ಯಂತ್ರಶಿಲ್ಪಿ ಅದನ್ನು ಮೊದಲು ಮಾಡಿದನು. ಗಾಳಿಯ ಒತ್ತಡ ಏರುಪೇರಾಗದಂತೆ ನೀರಿನ ಭಾರವನ್ನು ಬಳಸಿದ್ದರಿಂದ ಅದಕ್ಕೆ ಜಲ ಆರ್ಗನ್ ಎಂಬ ಹೆಸರು ಬಂತು. ರೋಮನ್ನರ ಕಾಲಕ್ಕೆ ಅದು ಅಖಾಡದ ವಾದ್ಯವಾಯಿತು. ಇಂದಿನ ಲಿಬಿಯಾ ದೇಶದ ಜ್ಲಿಟೆನ್ ಎಂಬಲ್ಲಿ ದೊರೆತ ಪ್ರಾಚೀನ ಮೊಸಾಯಿಕ್ ಚಿತ್ರದಲ್ಲಿ ಒಂದು ಕಡೆ ಮಲ್ಲರು ಕತ್ತಿ ಹಿಡಿದು ಹೋರಾಡುತ್ತಿದ್ದಾರೆ, ಪಕ್ಕದಲ್ಲೇ ಕಹಳೆಗಳ ಜೊತೆ ಆರ್ಗನ್ ನುಡಿಯುತ್ತಿದೆ. ಅಂತಹ ಅಖಾಡಗಳಲ್ಲಿ ಕ್ರೈಸ್ತರೂ ಪ್ರಾಣ ತೆತ್ತರು.

ಹೀಗಿರುವಾಗ ಆದಿ ಧರ್ಮಸಭೆಯ ಆಚಾರ್ಯರು ವಾದ್ಯಗಳನ್ನೇ ದೂರವಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಸಂತ ಜಾನ್ ಕ್ರಿಸೋಸ್ಟಮ್ ಮೊದಲಾದವರು ಕೊಳಲು, ತಂತಿವಾದ್ಯಗಳನ್ನು ರಂಗಶಾಲೆ, ಮದ್ಯಕೂಟ ಮತ್ತು ಅನ್ಯದೇವತೆಗಳ ಬಲಿಯೊಂದಿಗೆ ಸೇರಿಸಿ ಖಂಡಿಸಿದರು. ಆರಾಧನೆಗೆ ಮನುಷ್ಯನ ಕಂಠವೊಂದೇ ಸಾಕು ಎಂಬುದು ಅವರ ಮತ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಇಂದಿಗೂ ವಾದ್ಯವಿಲ್ಲದೆಯೇ ಹಾಡುತ್ತವೆ.

ಮುಂದೆ ಏನಾಯಿತು? 757ರಲ್ಲಿ ಬಿಜಾಂಟಿಯಮ್‌ನ ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನನು ಫ್ರಾಂಕರ ದೊರೆ ಪೆಪಿನನಿಗೆ ಒಂದು ಆರ್ಗನ್ನನ್ನು ಉಡುಗೊರೆಯಾಗಿ ಕಳುಹಿಸಿದನು. ಅದು ಅರಮನೆಯ ವೈಭವಕ್ಕೆ ಬಂದ ವಸ್ತು. ನಂತರದ ಒಂದೆರಡು ಶತಮಾನಗಳಲ್ಲಿ ಮಠಗಳೂ ದೇವಾಲಯಗಳೂ ಅದನ್ನು ತಮ್ಮದಾಗಿಸಿಕೊಂಡವು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕುರಿತು ಹೊರಡಿಸಿದ ಶಾಸನದಲ್ಲಿ ಕೊಳವೆ ಆರ್ಗನ್ನಿಗೆ ವಿಶೇಷ ಗೌರವ ಸಂದಿತು. ರಕ್ತ ಚೆಲ್ಲುವ ಆಟಕ್ಕೆ ನುಡಿದ ವಾದ್ಯ ಬಲಿಪೀಠದ ಸಮೀಪ ಬಂದು ನಿಂತಿತು!

ಇಥಿಯೋಪಿಯ ಸಭೆಯ ಕಥೆಯೂ ಹೀಗೆಯೇ. ಅಲ್ಲಿನ ಗಾಯಕರು ಕೆಬೆರೋ ಎಂಬ ದೊಡ್ಡ ಮದ್ದಳೆಯನ್ನು ಬಾರಿಸುತ್ತಾ, ಕೈಯಲ್ಲಿ ತ್ಸೆನಾತ್ಸಿಲ್ ಎಂಬ ಲೋಹದ ಗಿಲಕಿಯನ್ನು ಅಲುಗಿಸುತ್ತಾ ಸ್ತುತಿ ಹಾಡುತ್ತಾರೆ. ಪ್ರಾಚೀನ ಈಜಿಪ್ಟಿನಲ್ಲಿ ಇದೇ ಬಗೆಯ ಗಿಲಕಿಯನ್ನು ಹಾಥೋರ್ ಮತ್ತು ಐಸಿಸ್ ದೇವತೆಯರ ಪೂಜೆಯಲ್ಲಿ ಬಳಸುತ್ತಿದ್ದರು. ಇಂದು ಅದರ ನಾದ ಕೇಳಿದ ಇಥಿಯೋಪಿಯದ ಕ್ರೈಸ್ತನಿಗೆ ಐಸಿಸ್ ನೆನಪಾಗುವುದಿಲ್ಲ, ತನ್ನ ಹಬ್ಬ ನೆನಪಾಗುತ್ತದೆ.

ಇದರಿಂದ ಮೊದಲನೆಯ ಉತ್ತರ ಸಿಕ್ಕಿತು. ಮೈಲಿಗೆ ವಸ್ತುವಿನಲ್ಲಿ ಇಲ್ಲ. ಹೊರಗಿನಿಂದ ಒಳಹೋಗುವುದು ಮನುಷ್ಯನನ್ನು ಕೆಡಿಸುವುದಿಲ್ಲ, ಹೃದಯದಿಂದ ಹೊರಡುವುದೇ ಕೆಡಿಸುತ್ತದೆ ಎಂಬ ಅರ್ಥದ ಬೋಧನೆಯನ್ನು ಯೇಸುಸ್ವಾಮಿ ಕೊಟ್ಟಿದ್ದಾರೆ. ಅದು ಊಟಕ್ಕೆ ಸಲ್ಲುವಂತೆ ವಾದ್ಯಕ್ಕೂ ಸಲ್ಲುತ್ತದೆ.

ಜಿಂಬಾಬ್ವೆಯ ಎಂಬಿರಾ

ಹಾಗಾದರೆ ಪ್ರಶ್ನೆ ಮುಗಿಯಿತೇ? ಇಲ್ಲ. "ವಾದ್ಯವೆಂದರೆ ಬರೀ ಉಪಕರಣ, ಎಲ್ಲಿ ಬೇಕಾದರೂ ಬಳಸಿ" ಎಂದು ಹೇಳಿಬಿಡುವುದು ಸುಲಭ. ಆದರೆ ಆ ಉತ್ತರ ಪೂರ್ಣವಲ್ಲ ಎಂಬುದನ್ನು ಆಫ್ರಿಕಾದ ಜಿಂಬಾಬ್ವೆ ನಮಗೆ ತೋರಿಸುತ್ತದೆ.

ಅಲ್ಲಿನ ಶೋನಾ ಜನರ ವಾದ್ಯ ಎಂಬಿರಾ. ಒಂದು ಮರದ ಹಲಗೆಯ ಮೇಲೆ ಸಾಲಾಗಿ ಲೋಹದ ಪಟ್ಟಿಗಳನ್ನು ಬಿಗಿದಿರುತ್ತಾರೆ. ಎರಡು ಹೆಬ್ಬೆರಳುಗಳಿಂದ ಮತ್ತು ಒಂದು ತೋರುಬೆರಳಿನಿಂದ ಅವುಗಳನ್ನು ಮೀಟುತ್ತಾರೆ. ನಾದ ತುಂಬಿಕೊಳ್ಳಲೆಂದು ಹಲಗೆಯನ್ನು ದೊಡ್ಡ ಸೋರೆಬುರುಡೆಯೊಳಗೆ ನಿಲ್ಲಿಸುತ್ತಾರೆ. ಬುರುಡೆಗೆ ಕಟ್ಟಿದ ಚಿಪ್ಪುಗಳು ಅಥವಾ ಬಾಟಲಿ ಮುಚ್ಚಳಗಳು ಜುಯ್ ಎಂದು ಝೇಂಕರಿಸುತ್ತವೆ. ನಮ್ಮ ಕಿವಿಗೆ ಅದು ಒಡಕು ಸದ್ದೆನಿಸಬಹುದು. ಅವರಿಗೆ ಆ ಝೇಂಕಾರವಿಲ್ಲದ ನಾದ ಉಪ್ಪಿಲ್ಲದ ಗಂಜಿಯಂತೆ.

ಎಂಬಿರಾದಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಪ್ರಮುಖವಾದುದರ ಹೆಸರೇ "ಪೂರ್ವಜರ ಆತ್ಮಗಳ ಎಂಬಿರಾ" ಎಂಬ ಅರ್ಥ ಕೊಡುತ್ತದೆ. ಬಿರಾ ಎಂಬ ರಾತ್ರಿಯಿಡೀ ನಡೆಯುವ ಕೂಟದಲ್ಲಿ ಅದನ್ನು ನುಡಿಸಿ, ತೀರಿಹೋದ ಹಿರಿಯರ ಆತ್ಮಗಳನ್ನು ಕರೆದು, ಮಾಧ್ಯಮದವರ ಬಾಯಿಂದ ಅವರ ಮಾತು ಕೇಳುತ್ತಾರೆ. ಆದುದರಿಂದ ಅಲ್ಲಿಗೆ ಹೋದ ಮಿಷನರಿಗಳಲ್ಲಿ ಅನೇಕರು ಎಂಬಿರಾವನ್ನು ದೂರವಿಡುವಂತೆ ಕಲಿಸಿದರು. ಕ್ರೈಸ್ತನಾಗುವುದೆಂದರೆ ಎಂಬಿರಾ ಬಿಡುವುದು ಎಂದೇ ಎಷ್ಟೋ ಮನೆಗಳಲ್ಲಿ ಆಯಿತು.

ಈ ಮನೋಭಾವ ಜಿಂಬಾಬ್ವೆಗೆ ಮಾತ್ರ ಸೀಮಿತವಾಗಿರಲಿಲ್ಲ. 1903ರಲ್ಲಿ ಜಗದ್ಗುರು ಹತ್ತನೆಯ ಪಿಯುಸ್‌ರವರು ದೇವಾಲಯ ಸಂಗೀತದ ಬಗ್ಗೆ ಹೊರಡಿಸಿದ ಆದೇಶದಲ್ಲಿ ಪಿಯಾನೊ, ಡ್ರಮ್ಮು, ತಾಳಗಳಿಗೆ ಅವಕಾಶವಿರಲಿಲ್ಲ. ಆ ಆದೇಶದ ಉದ್ದೇಶ ಯುರೋಪಿನ ದೇವಾಲಯಗಳಲ್ಲಿ ತುಂಬಿಕೊಂಡಿದ್ದ ನಾಟಕ ಸಂಗೀತವನ್ನು ಹೊರಗಿಡುವುದಾಗಿತ್ತು. ಆದರೆ ಮದ್ದಳೆಯೇ ಉಸಿರಾಗಿದ್ದ ಜನಾಂಗಗಳಿಗೆ ಅದು ಬೇರೆಯೇ ರೀತಿ ಕೇಳಿಸಿತು.

ಬದಲಾವಣೆ ನಿಧಾನವಾಗಿ ಬಂತು. 1958ರಲ್ಲಿ ಕಾಂಗೋ ದೇಶದ ಕಮಿನಾ ಎಂಬಲ್ಲಿ, ಗೀಡೊ ಹಾಜೆನ್ ಎಂಬ ಬೆಲ್ಜಿಯಂನ ಫ್ರಾನ್ಸಿಸ್ಕನ್ ಗುರುಗಳ ಮೇಲ್ವಿಚಾರಣೆಯಲ್ಲಿ, ಲ್ಯಾಟಿನ್ ಪೂಜೆಯ ಪದಗಳನ್ನು ಕಾಂಗೋದ ರಾಗ ತಾಳಗಳಲ್ಲಿ ಹಾಡಿದರು. ಇದೇ "ಮಿಸ್ಸಾ ಲೂಬಾ". ಐದು ವರ್ಷಗಳ ನಂತರ ಮಹಾಸಭೆ, ಮಿಷನ್ ನಾಡುಗಳ ಜನರ ಸಂಗೀತ ಪರಂಪರೆಗೆ ತಕ್ಕ ಗೌರವ ಕೊಡಬೇಕೆಂದೂ, ಆರಾಧನೆಗೆ ಯೋಗ್ಯವಾಗಬಲ್ಲ ಇತರ ವಾದ್ಯಗಳನ್ನು ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದೂ ತೀರ್ಮಾನಿಸಿತು. ಜಿಂಬಾಬ್ವೆಯ ಕಥೋಲಿಕ ದೇವಾಲಯಗಳಿಗೆ ಮದ್ದಳೆ ಮತ್ತು ಸೋರೆಯ ಗಿಲಕಿ ಬಂದವು. 2020ರಲ್ಲಿ ಯುನೆಸ್ಕೊ ಸಂಸ್ಥೆ ಎಂಬಿರಾ ತಯಾರಿಸುವ ಮತ್ತು ನುಡಿಸುವ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟಾದರೂ ಎಂಬಿರಾದ ನಾದ ಕೇಳಿದರೆ ಮನಸ್ಸು ಕಲಕುವ ಕ್ರೈಸ್ತರು ಆ ನಾಡಿನಲ್ಲಿದ್ದಾರೆ. ಅವರನ್ನು ಸಂಕುಚಿತ ಮನಸ್ಸಿನವರೆಂದು ನಗುವುದು ಸುಲಭ. ಆದರೆ ಒಂದು ನಾದದೊಡನೆ ಬಾಲ್ಯದ ಭಯ ಅಥವಾ ನಂಬಿಕೆ ಬೆಸೆದುಕೊಂಡಿರುವಾಗ, ಅದು ಬರೀ ಮರ ಮತ್ತು ಕಬ್ಬಿಣ ಎಂದು ಅವರಿಗೆ ಹೇಳಿ ಏನು ಪ್ರಯೋಜನ? ವಾದ್ಯದಲ್ಲಿ ಪಾಪವಿಲ್ಲ, ನಿಜ. ನೆನಪು ಮಾತ್ರ ಇದೆ. ನೆನಪೂ ಸತ್ಯವಾದ ವಸ್ತುವೇ.

ಸಂತ ಪೌಲರ ಅಳತೆಗೋಲು

ಇಂತಹದೇ ಬಿಕ್ಕಟ್ಟು ಕೊರಿಂಥದ ಸಭೆಯಲ್ಲಿ ಎದ್ದಿತ್ತು. ಅಲ್ಲಿ ಪ್ರಶ್ನೆ ವಾದ್ಯದ್ದಲ್ಲ, ಮಾಂಸದ್ದು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ಕ್ರೈಸ್ತನು ತಿನ್ನಬಹುದೇ? ಸಂತ ಪೌಲರ ಉತ್ತರದಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲನೆಯದು: ಮಾಂಸದಲ್ಲಿ ದೋಷವಿಲ್ಲ, ತಿಳಿದವನಿಗೆ ತಿನ್ನಲು ಸ್ವಾತಂತ್ರ್ಯವಿದೆ. ಎರಡನೆಯದು: ಆ ಸ್ವಾತಂತ್ರ್ಯದಿಂದ ದುರ್ಬಲನಾದ ಸಹೋದರನ ಮನಸ್ಸಾಕ್ಷಿ ಗಾಯಗೊಳ್ಳುವುದಾದರೆ, ಪ್ರೀತಿಯ ಸಲುವಾಗಿ ಅದನ್ನು ಬಿಟ್ಟುಬಿಡು. ವಸ್ತುವಿನ ವಿಚಾರವನ್ನು ಜ್ಞಾನ ತೀರ್ಮಾನಿಸುತ್ತದೆ, ಬಳಕೆಯ ವಿಚಾರವನ್ನು ಪ್ರೀತಿ ತೀರ್ಮಾನಿಸುತ್ತದೆ.

ಈ ಅಳತೆಗೋಲನ್ನು ವಾದ್ಯಕ್ಕೆ ಹಿಡಿದರೆ, ಪ್ರಶ್ನೆಯ ರೂಪವೇ ಬದಲಾಗುತ್ತದೆ. "ಈ ವಾದ್ಯ ಶುದ್ಧವೋ ಅಶುದ್ಧವೋ" ಎಂದು ಕೇಳುವ ಬದಲು "ಇದರಿಂದ ಯಾರ ಮನಸ್ಸು ನೋಯುತ್ತದೆ, ಯಾರ ಮನಸ್ಸು ಅರಳುತ್ತದೆ" ಎಂದು ಕೇಳಬೇಕಾಗುತ್ತದೆ. ಹಾಗೆ ಕೇಳಿದಾಗ ಮೂರು ಬಗೆಯ ಜನ ಕಣ್ಣೆದುರು ಬರುತ್ತಾರೆ. ಒಬ್ಬನು, ಆ ನಾದದಿಂದ ವಿಶ್ವಾಸದಲ್ಲಿ ಎಡವಬಹುದಾದ ನಮ್ಮವನೇ. ಇನ್ನೊಬ್ಬನು, ಆ ವಾದ್ಯವನ್ನು ಪವಿತ್ರವೆಂದು ಕಾಣುವ ಬೇರೆ ಧರ್ಮದ ನೆರೆಯವನು. ಅವನ ಪೂಜಾವಸ್ತುವನ್ನು ನಾವು ಅಲಂಕಾರಕ್ಕೆಂದು ಎತ್ತಿಕೊಂಡು ಬಂದರೆ ಅದೂ ಅವಮಾನವೇ. ಮೂರನೆಯವನು ವಾದ್ಯ ನುಡಿಸುವವನು. ನಮ್ಮ ಚರ್ಚೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಮರೆತುಹೋಗುವವನು ಇವನೇ.

ಪಿಟೀಲು ಬಂದ ಬಾಗಿಲು, ಡೋಲು ನಿಂತ ಅಂಗಳ

ನಮ್ಮ ನಾಡಿನತ್ತ ತಿರುಗೋಣ. ಪಿಟೀಲು ಯುರೋಪಿನಿಂದ ಬಂದದ್ದು. ಬಾಲುಸ್ವಾಮಿ ದೀಕ್ಷಿತರು 19ನೆಯ ಶತಮಾನದ ಆರಂಭದ ಸುಮಾರಿಗೆ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ಮೆರೆದರು. ಹಾರ್ಮೋನಿಯಂ ಕೂಡ 19ನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡದ್ದು. ಇಂದು ಭಜನೆಯ ಮಂಟಪದಲ್ಲೂ ನಮ್ಮ ಗಾನವೃಂದದಲ್ಲೂ ಅದಿದೆ. ಇವುಗಳ ಧರ್ಮ ಯಾವುದು, ಕುಲ ಯಾವುದು ಎಂದು ಈಗ ಯಾರೂ ಕೇಳುವುದಿಲ್ಲ.

ಆದರೆ ಪಕ್ಕದ ಕೇರಿಯ ತಮಟೆಯನ್ನು ಕೇಳುತ್ತೇವೆ! ಸಮುದ್ರ ದಾಟಿ ಬಂದ ವಾದ್ಯಕ್ಕೆ ಒಳಗೆ ಪೀಠ, ಅಂಗಳದಲ್ಲೇ ಹುಟ್ಟಿದ ವಾದ್ಯಕ್ಕೆ ಹೊರಗೆ ಬಿಸಿಲು. ಎರಡೂ ಮನುಷ್ಯರ ಕೈ ಮಾಡಿದ ವಸ್ತುಗಳೇ ಆಗಿರುವಾಗ ಈ ಭೇದವೇಕೆ? ನಾವು ಪ್ರಾಮಾಣಿಕವಾಗಿ ನೋಡಿದರೆ ಎಷ್ಟೋ ಸಲ ನಮ್ಮ ಆಕ್ಷೇಪ ವಾದ್ಯದ ಮೇಲಲ್ಲ, ಅದನ್ನು ಹಿಡಿದ ಕೈಯ ಮೇಲೆ ಎಂಬುದು ಕಂಡುಬರುತ್ತದೆ. ಮೈಲಿಗೆ ಚರ್ಮದಲ್ಲಿ ಇರಲಿಲ್ಲ, ನಮ್ಮ ಕಣ್ಣಿನಲ್ಲಿತ್ತು.

ಕೊಂಕಣಿ ಕಥೋಲಿಕರಿಗೆ ಇದರ ನೋವು ಗೊತ್ತಿರಬೇಕು. 1736ರಲ್ಲಿ ಗೋವಾದ ಇನ್‌ಕ್ವಿಸಿಷನ್ ನ್ಯಾಯಮಂಡಲಿ ಹೊರಡಿಸಿದ ಆಜ್ಞೆಯಲ್ಲಿ ಮದುವೆಯಂದು ವೊವಿಯೊ ಹಾಡುವುದಕ್ಕೂ ದೇಶೀ ವಾದ್ಯಗಳಿಗೂ ನಿಷೇಧವಿತ್ತು. ಆಜ್ಞೆ ಹೋಯಿತು, ಹಾಡು ಉಳಿಯಿತು. ಇಂದಿಗೂ ಮಂಗಳೂರಿನ ಕಡೆ ರೋಸಿನ ದಿನ ವಧುವಿಗೆ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ವೊವಿಯೊ ಹಾಡುತ್ತಾರೆ. ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆಯೂ ಉಳಿದಿದೆ. ಹಿಂದೆ ಅದಕ್ಕೆ ಉಡದ ಚರ್ಮ ಬಳಸುತ್ತಿದ್ದರು. ವನ್ಯಜೀವಿ ಕಾನೂನು ಬಂದ ಮೇಲೆ ಆಡಿನ ಚರ್ಮ ಬಂತು. 2019ರಲ್ಲಿ ಗೋವಾ ಸರಕಾರ ಅದನ್ನು ಪರಂಪರೆಯ ವಾದ್ಯವೆಂದು ಘೋಷಿಸಿತು. ತಮ್ಮ ಹಾಡನ್ನು ಹಿರಿಯರು ಅಂಜುತ್ತಾ ಕಾಪಾಡಿಕೊಂಡ ಮನೆತನಗಳು, ಇನ್ನೊಬ್ಬರ ಡೋಲನ್ನು ಕೀಳೆಂದು ಹೇಳುವ ಮೊದಲು ಸ್ವಲ್ಪ ಯೋಚಿಸಬೇಡವೇ?

ಇಲ್ಲಿ ಇನ್ನೊಂದು ಅಪಾಯವೂ ಇದೆ. ತುಳುನಾಡಿನ ಕೊರಗ ಜನರು ಡೋಲು ಬಾರಿಸುವುದರಲ್ಲಿ ನಿಪುಣರು. ಆದರೆ ಅಜಲು ಎಂಬ ಪದ್ಧತಿಯಲ್ಲಿ ಅವರನ್ನು ಅನಿಷ್ಟ ಹೊರುವವರೆಂದು ಕಂಡು, ಬಿಟ್ಟಿಯಾಗಿ ಡೋಲು ಬಾರಿಸಲು ಕರೆಯುತ್ತಿದ್ದರು, ಹೇಳಲು ನಾಚಿಕೆಯಾಗುವಂತಹ ಅವಮಾನಗಳಿಗೆ ಗುರಿಮಾಡುತ್ತಿದ್ದರು. 2000ದಲ್ಲಿ ಕರ್ನಾಟಕ ಸರಕಾರ ಕಾನೂನು ಮಾಡಿ ಅಜಲನ್ನು ನಿಷೇಧಿಸಿತು. ಈಗ ನಾವು ಸಂಸ್ಕೃತಿಯ ಉತ್ಸಾಹದಿಂದ ಅಂತಹ ಮನೆಯ ಯುವಕನೊಬ್ಬನಿಗೆ "ಹಬ್ಬಕ್ಕೆ ಡೋಲು ಹಿಡಿದು ಬಾ" ಎಂದರೆ, ಅವನು ಹೆಮ್ಮೆಯಿಂದ ಬರಬಹುದು. ಅಥವಾ "ನನ್ನ ಅಜ್ಜ ಬಾರಿಸಿದ್ದು ಸಾಕು, ನಾನು ಓದುತ್ತೇನೆ" ಎನ್ನಬಹುದು. ಎರಡೂ ಅವನ ಹಕ್ಕು. ವಾದ್ಯವನ್ನು ಗೌರವಿಸುವ ನೆಪದಲ್ಲಿ ಮನುಷ್ಯನನ್ನು ಮತ್ತೆ ಹಳೆಯ ಜಾಗದಲ್ಲೇ ನಿಲ್ಲಿಸಿದರೆ, ಅದು ಸಂಸ್ಕೃತಿಯ ಸೇವೆಯಲ್ಲ, ಅಜಲಿನ ಮುಂದುವರಿಕೆ.

ನಮ್ಮ ಮನೆಗಳಲ್ಲಿ

ಪ್ರಿಯ ಓದುಗರೇ, ಯಾವ ವಾದ್ಯ ಪೂಜೆಗೆ ಸಲ್ಲುತ್ತದೆ ಎಂಬುದನ್ನು ಧರ್ಮಾಧ್ಯಕ್ಷರೂ ಗುರುಗಳೂ ವಿವೇಚಿಸುತ್ತಾರೆ. ಆದರೆ ಯಾವ ವಾದ್ಯವನ್ನು ಕೀಳೆಂದು ಕಾಣಬೇಕು ಎಂಬುದನ್ನು ಮಕ್ಕಳು ಕಲಿಯುವುದು ಮನೆಯಲ್ಲಿ. ದಾರಿಯಲ್ಲಿ ತಮಟೆಯ ಸದ್ದು ಕೇಳಿದಾಗ ನಾವು ಮುಖ ಸಿಂಡರಿಸಿದರೆ ಮಗು ಅದನ್ನು ನೋಡುತ್ತದೆ. ಪಿಯಾನೊ ಕಲಿಸಲು ಶುಲ್ಕ ತೆತ್ತು, ಅಜ್ಜಿ ಹೇಳಿಕೊಡಬಲ್ಲ ಹಾಡನ್ನು "ಹಳೇ ಕಾಲದ್ದು" ಎಂದರೆ ಮಗು ಅದನ್ನೂ ಕೇಳಿಸಿಕೊಳ್ಳುತ್ತದೆ. ಪಿಯಾನೊ ಕಲಿಯಲಿ, ತಪ್ಪಿಲ್ಲ. ಜೊತೆಗೆ ಅಜ್ಜಿಯ ಬಳಿಯೂ ಕುಳಿತುಕೊಳ್ಳಲಿ.

ಧರ್ಮಕೇಂದ್ರದ ಹಬ್ಬಕ್ಕೆ ವಾದ್ಯದವರನ್ನು ಕರೆಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಅವರ ಹೆಸರು ನಮಗೆ ಗೊತ್ತೇ? ಅವರು ಮನಸ್ಸಾರೆ ಬಂದಿದ್ದಾರೆಯೇ? ಬ್ಯಾಂಡಿನವರಿಗೆ ಕೊಡುವಷ್ಟೇ ಸಂಭಾವನೆಯನ್ನು ಅವರಿಗೂ ಕೊಟ್ಟೆವೇ? ಮೆರವಣಿಗೆ ಮುಗಿದ ಮೇಲೆ ಅವರು ಎಲ್ಲಿ ಊಟ ಮಾಡಿದರು, ನಮ್ಮ ಸಾಲಿನಲ್ಲೋ, ಗೋಡೆಯ ಆಚೆಗೋ?

ಕೊನೆಯ ಪ್ರಶ್ನೆಗೆ ನೆಮ್ಮದಿಯ ಉತ್ತರ ಕೊಡಲಾಗದಿದ್ದರೆ, ವಾದ್ಯ ದೇವಾಲಯದ ಒಳಗೆ ಬರಬೇಕೋ ಬೇಡವೋ ಎಂಬ ಚರ್ಚೆಯನ್ನು ಸ್ವಲ್ಪ ಮುಂದಕ್ಕೆ ಹಾಕೋಣ. ಮೊದಲು ಬಾರಿಸುವವನಿಗೆ ಪಂಕ್ತಿಯಲ್ಲಿ ಎಲೆ ಹಾಕೋಣ.